ದೋಣಿಗೆ ಜನರೇಟರ್: ಕೆವಿಎ ಕೇಳುವ ಮೊದಲು ಹೊಗೆಯ ದಾರಿ ಕೇಳಿ

ಮರಾಠಿ ಕಾದಂಬರಿಕಾರ ರಣಜಿತ್ ದೇಸಾಯಿಯವರ ಊರೆಂದು ಓದುಗರಿಗೆ ಪರಿಚಯವಿರುವ ಕೊಲ್ಹಾಪುರ ಜಿಲ್ಲೆಯ ಕೋವಾಡ, ಪುಷ್ಯ ಮತ್ತು ಆಶ್ಲೇಷಾ ಮಳೆಗಳ ಕಾಲದಲ್ಲಿ ಬೇರೆ ಕಾರಣಕ್ಕೆ ಸುದ್ದಿಯಾಗುತ್ತದೆ. ಚಂದಗಡದ ಕಡೆಯಿಂದ ತುಂಬಿ ಬರುವ ತಾಮ್ರಪರ್ಣಿ ದಂಡೆ ಮೀರಿದರೆ ನೀರು ನೇರ ಪೇಟೆಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಬಂತು, 2021ರ ಜುಲೈನಲ್ಲಿ ಮತ್ತೆ ಬಂತು. ಅದೇ ದಿನಗಳಲ್ಲಿ ಗಡಹಿಂಗ್ಲಜದ ಹಿರಣ್ಯಕೇಶಿ, ಇಚಲಕರಂಜಿಯ ಪಂಚಗಂಗೆ, ಶಿರೋಳದ ಕೃಷ್ಣೆ ಎಲ್ಲವೂ ಉಕ್ಕಿದವು. 2019ರಲ್ಲಿ ಶಿರೋಲಿ ಬಳಿ ಪುಣೆ-ಬೆಂಗಳೂರು ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ನೀರು ಏರಿದಲ್ಲೆಲ್ಲ ಮೊದಲು ಹೋಗುವುದು ಕರೆಂಟ್.

ಹೀಗಾಗಿ ಹೊಳೆ ದಂಡೆಯ ಊರುಗಳಲ್ಲಿ ಮಳೆಗಾಲಕ್ಕೆ ಮೊದಲು ದೋಣಿ, ಹಗ್ಗ, ಲೈಫ್ ಜಾಕೆಟ್‌ಗಳ ಜೊತೆಗೆ ಜನರೇಟರ್ ಮಾತೂ ಬರುತ್ತದೆ. ರಾತ್ರಿ ದೋಣಿಯಲ್ಲಿ ಹೋಗಿ ಜನರನ್ನು ಕರೆತರಬೇಕು, ಸರ್ಚ್‌ಲೈಟ್ ಬೇಕು, ಫೋನ್ ಮತ್ತು ವಾಕಿಟಾಕಿಗೆ ಚಾರ್ಜ್ ಬೇಕು. ಆದರೆ ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಕೆವಿಎ? ಲೀಟರ್‌ಗೆ ಎಷ್ಟು ತಾಸು? ದೋಣಿಯ ಮಟ್ಟಿಗೆ ಇವೆರಡೂ ಕೊನೆಯಲ್ಲಿ ಕೇಳಬೇಕಾದವು. ಹೊಲದಲ್ಲಿ, ಮದುವೆ ಮಂಟಪದ ಹಿಂದೆ ಜನರೇಟರ್ ನಡೆಯುವಾಗ ಜನ ಅದರಿಂದ ದೂರವಿರುತ್ತಾರೆ. ಹೊಗೆ ಹರಡಲು ಬಯಲಿರುತ್ತದೆ, ಚೆಲ್ಲಿದ ಪೆಟ್ರೋಲ್ ಆರಿಹೋಗಲು ನೆಲವಿರುತ್ತದೆ. ದೋಣಿ ಈ ಮೂರನ್ನೂ ಕಿತ್ತುಕೊಳ್ಳುತ್ತದೆ. ಹೊಗೆ ಎಲ್ಲಿ ನಿಲ್ಲುತ್ತದೆ, ಇಂಧನದ ಆವಿ ಎಲ್ಲಿ ಇಳಿಯುತ್ತದೆ, ಸೋರಿದ ಕರೆಂಟ್ ಯಾವ ದಾರಿ ಹಿಡಿಯುತ್ತದೆ ಎಂದು ವಿಚಾರಿಸದೆ ಕೊಂಡ ಯಂತ್ರ, ಜೀವ ಉಳಿಸಲು ಹೊರಟ ದೋಣಿಯಲ್ಲೇ ಜೀವ ತೆಗೆಯಬಲ್ಲದು. ಜನ ನಂಬಿಕೊಂಡಿರುವ ಮಾತುಗಳನ್ನೇ ಒಂದೊಂದಾಗಿ ನೋಡೋಣ.

"ಬಯಲಾಗ ಹೊಗಿ ಏನ್ ಮಾಡತೈತ್ರಿ? ಗಾಳಿಗಿ ಹಾರಿ ಹೋಗತೈತಿ."

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಇದು, ಎಲ್ಲಕ್ಕಿಂತ ಅಪಾಯದ್ದೂ ಹೌದು. ಕೊಲ್ಲುವುದು ಕಣ್ಣಿಗೆ ಕಾಣುವ ಕಪ್ಪು ಹೊಗೆಯಲ್ಲ, ಅದರೊಳಗಿನ ಕಾರ್ಬನ್ ಮೊನಾಕ್ಸೈಡ್. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದರೆ ಶುದ್ಧ ಗಾಳಿಗೆ ಬಂದ ಮೇಲೂ ಅರ್ಧದಷ್ಟು ಬಿಟ್ಟುಹೋಗಲು ನಾಲ್ಕರಿಂದ ಆರು ತಾಸು ಬೇಕು. ಗಾಳಿಯ 10 ಲಕ್ಷ ಭಾಗದಲ್ಲಿ ಇದು 400 ಭಾಗ ಇದ್ದರೆ ಒಂದೆರಡು ತಾಸಿನಲ್ಲಿ ತಲೆ ಸಿಡಿಯುತ್ತದೆ, ಮೂರು ತಾಸು ದಾಟಿದರೆ ಜೀವಕ್ಕೆ ಕುತ್ತು. 1,600 ಭಾಗವಾದರೆ 20 ನಿಮಿಷದಲ್ಲಿ ತಲೆ ತಿರುಗಿ ವಾಕರಿಕೆ, ಒಂದು ತಾಸಿನೊಳಗೆ ಸಾವು. 12,800ಕ್ಕೆ ಮುಟ್ಟಿದರೆ ಕೆಲವೇ ಉಸಿರಿಗೆ ಪ್ರಜ್ಞೆ ಹೋಗುತ್ತದೆ.

ಸಣ್ಣ ಜನರೇಟರ್‌ನಿಂದ ಎಷ್ಟು ಬಂದೀತು ಎನ್ನುವವರಿದ್ದಾರೆ. ಕಾರಿನ ಎಂಜಿನ್‌ಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ, ಇಂಧನ ಮತ್ತು ಗಾಳಿಯ ಅಳತೆಯನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕೈಯಲ್ಲಿ ಎತ್ತಿಕೊಂಡು ಹೋಗುವ ಸಾಮಾನ್ಯ ಪೆಟ್ರೋಲ್ ಜನರೇಟರ್‌ನಲ್ಲಿ ಎರಡೂ ಇರುವುದಿಲ್ಲ. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ ಬಹಳ ವರ್ಷಗಳಿಂದ ಹೇಳುತ್ತ ಬಂದಿದೆ: ಇಂಥ ಒಂದು ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮೊನಾಕ್ಸೈಡ್ ಉಗುಳಬಲ್ಲದು. ಅದನ್ನು ಮನೆಯಿಂದ ಕನಿಷ್ಠ 20 ಅಡಿ ದೂರ ಇಡಬೇಕೆಂಬುದು ಅದೇ ಆಯೋಗದ ಸೂಚನೆ. ನೆರೆಯಲ್ಲಿ ಓಡಾಡುವ ಎಷ್ಟೋ ದೋಣಿಗಳ ಒಟ್ಟು ಉದ್ದವೇ 20 ಅಡಿ ಇರುವುದಿಲ್ಲ.

ಹಾಗಿದ್ದರೂ ಸುತ್ತ ಬಯಲಲ್ಲವೇ? ಅಮೆರಿಕದ ಯೂಟಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಲ್ಲಿ ಲೇಕ್ ಪೊವೆಲ್ ಎಂಬ ದೊಡ್ಡ ಜಲಾಶಯವಿದೆ. 2000ದ ಆಗಸ್ಟ್‌ನಲ್ಲಿ ಇಬ್ಬರು ಚಿಕ್ಕ ಅಣ್ಣತಮ್ಮಂದಿರು ಅಲ್ಲಿ ತಮ್ಮ ಹೌಸ್‌ಬೋಟಿನ ಹಿಂದೆ ಈಜುತ್ತಿದ್ದರು. ಬೋಟಿನ ಜನರೇಟರ್ ಹೊಗೆ ಹಿಂಬದಿಯ ಅಟ್ಟಣಿಗೆಯ ಕೆಳಗಿನ ಪೊಳ್ಳಿಗೆ ಬಿಡುತ್ತಿತ್ತು. ಮಕ್ಕಳು ಆ ಪೊಳ್ಳಿನೊಳಗೆ ಈಜಿಕೊಂಡು ಹೋದರು, ಜೀವಂತ ಹೊರಬರಲಿಲ್ಲ. ಮೇಲೆ ತೆರೆದ ಆಕಾಶ, ಸುತ್ತ ಮೈಲುಗಟ್ಟಲೆ ನೀರು, ನಡು ಬೇಸಿಗೆ. ತನಿಖೆಯವರು ಹಳೆಯ ದಾಖಲೆ ತೆರೆದು ನೋಡಿದಾಗ, 1990ರಿಂದ 2000ದವರೆಗೆ ಆ ಒಂದೇ ಜಲಾಶಯದಲ್ಲಿ ಬೋಟುಗಳ ಕಾರ್ಬನ್ ಮೊನಾಕ್ಸೈಡ್‌ನಿಂದ ಒಂಬತ್ತು ಮಂದಿ ಸತ್ತದ್ದು ಗೊತ್ತಾಯಿತು. ಅಲ್ಲಿಯವರೆಗೆ ಅವುಗಳಲ್ಲಿ ಎಷ್ಟೋ ಸಾವನ್ನು ಬರಿಯ ಮುಳುಗುಸಾವೆಂದೇ ಜನ ಎಣಿಸಿದ್ದರು.

ದೋಣಿಯ ಮೇಲೆ ಮಳೆಗೆ ತಾಡಪತ್ರಿ ಕಟ್ಟಿದರೆ ಅದೇ ಒಂದು ಕೋಣೆ. ಮೂರು ಕಡೆ ಮುಚ್ಚಿ ಹಿಂದೆ ತೆರೆದಿಟ್ಟರೆ ಇನ್ನೂ ಕೆಟ್ಟದ್ದು: ದೋಣಿ ಮುಂದೆ ಸಾಗುವಾಗ ಅದರ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಾಗಿ, ಹಿಂದೆ ಬಿಟ್ಟ ಹೊಗೆ ಮರಳಿ ಒಳಗೇ ಸೇರಿಕೊಳ್ಳುತ್ತದೆ. ಒಂದರ ಪಕ್ಕ ಒಂದು ಕಟ್ಟಿದ ದೋಣಿಗಳಲ್ಲಿ, ನಿಮ್ಮ ಜನರೇಟರ್ ಬಂದಾಗಿದ್ದರೂ ಪಕ್ಕದವರ ಹೊಗೆ ನಿಮ್ಮ ಮಕ್ಕಳ ಮೂಗಿಗೆ ಬರುತ್ತದೆ. ಮಹಾಪೂರದಲ್ಲಿ ದೋಣಿಯನ್ನು ಮನೆಯ ಮೊದಲ ಮಹಡಿಯ ಕಿಟಕಿಗೆ ತಾಗಿಸಿ ನಿಲ್ಲಿಸುತ್ತಾರಲ್ಲ, ಆಗ ಹೊಗೆ ನುಗ್ಗುವುದು ಅದೇ ಕಿಟಕಿಯಿಂದ.

ವಾಸನೆ ಬಂದರೆ ಎದ್ದು ಹೋಗೋಣ ಎಂಬ ಧೈರ್ಯಕ್ಕೂ ಆಧಾರವಿಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ತಲೆನೋವು, ವಾಕರಿಕೆ, ಮಂಪರು ಶುರುವಾದರೆ ದೋಣಿಯ ಓಲಾಟಕ್ಕೆ ಹೀಗಾಯಿತು, ಹಸಿವಿಗೆ ಹೀಗಾಯಿತು ಎಂದುಕೊಂಡು ಜನ ಅಲ್ಲೇ ಮಲಗಿಬಿಡುತ್ತಾರೆ. ಒಬ್ಬರಿಗಲ್ಲ, ದೋಣಿಯಲ್ಲಿರುವ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ ಅದನ್ನು ಹೊಗೆಯೆಂದೇ ತಿಳಿದು ಎಂಜಿನ್ ಬಂದ್ ಮಾಡಬೇಕು. ಎಲ್ಲರನ್ನೂ ಗಾಳಿಗೆ ತಂದು 108ಕ್ಕೆ ಫೋನ್ ಮಾಡಬೇಕು. ಕರ್ನಾಟಕ-ಮಹಾರಾಷ್ಟ್ರ ಗಡಿಯ ಎರಡೂ ಕಡೆ ಅಂಬುಲೆನ್ಸಿಗೆ ಅದೇ ನಂಬರು.

ಇನ್ನು ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರ್. ಬೆರಳಿಗೆ ಹಾಕಿದೆವು, 98 ತೋರಿಸಿತು, ಏನೂ ಇಲ್ಲ ಎಂದು ಸುಮ್ಮನಾಗುವುದು ಈಗಿನ ಹೊಸ ತಪ್ಪು ತಿಳಿವಳಿಕೆ. ಈ ವಿಷ ಸೇರಿದ ಹಿಮೋಗ್ಲೋಬಿನ್ ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್‌ನಂತೆಯೇ ಕೆಂಪಾಗಿರುತ್ತದೆ. ಬೆಳಕಿನಿಂದ ಅಳೆಯುವ ಸಾಮಾನ್ಯ ಆಕ್ಸಿಮೀಟರ್‌ಗೆ ಇವೆರಡರ ವ್ಯತ್ಯಾಸ ತಿಳಿಯದು. ಒಳಗೆ ಉಸಿರುಕಟ್ಟಿ ಸಾಯುತ್ತಿರುವವರ ಬೆರಳಿನಲ್ಲೂ ಅದು 98 ತೋರಿಸೀತು. ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿಯೇ ತಿಳಿಯಬೇಕು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ವಿಷ ಅರ್ಧಕ್ಕಿಳಿಯುವ ಸಮಯ ಸುಮಾರು ಒಂದು, ಒಂದೂವರೆ ತಾಸಿಗೆ ತಗ್ಗುತ್ತದೆ. ಅದಕ್ಕೇ "ಜನರೇಟರ್ ಹೊಗೆ ಕುಡಿದಿದ್ದಾರೆ" ಎಂದು ಡಾಕ್ಟರಿಗೆ ನಾವೇ ಬಾಯಿಬಿಟ್ಟು ಹೇಳುವುದು ಮುಖ್ಯ. ಗರ್ಭಿಣಿಯರನ್ನಂತೂ ತಲೆನೋವು ಹೋಯಿತೆಂದು ಮನೆಗೆ ಕಳಿಸಲೇಬಾರದು. ತಾಯಿ ಚೇತರಿಸಿಕೊಂಡ ಮೇಲೂ ಹೊಟ್ಟೆಯ ಕೂಸಿನ ರಕ್ತದಲ್ಲಿ ಅದು ಇನ್ನಷ್ಟು ಹೊತ್ತು ಉಳಿಯುತ್ತದೆ.

"ಹೌಸ್‌ಬೋಟ್‌ನ್ಯಾಗ ಹೊಗಿ ನೀರಿಗಿ ಬಿಡ್ತಾರ, ನೀರಾಗ ತೊಳದ ಹೋಗತೈತಿ."

ಕೊಲ್ಹಾಪುರ, ಬೆಳಗಾವಿಯ ಕುಟುಂಬಗಳು ರಜೆಯಲ್ಲಿ ಅಲಪ್ಪುಳಕ್ಕೆ ಹೋಗಿ ಹೌಸ್‌ಬೋಟಿನಲ್ಲಿ ಒಂದು ರಾತ್ರಿ ಉಳಿದು ಬರುವುದು ಈಗ ಸಾಮಾನ್ಯ. ರಾತ್ರಿ ಏಸಿ ನಡೆಯುವುದು ಜನರೇಟರಿನಿಂದಲೇ. ದೋಣಿಗೆಂದೇ ಮಾಡಿದ ಯಂತ್ರಗಳಲ್ಲಿ ಹೊಗೆಕೊಳವೆಗೆ ನೀರು ಬೆರೆಸಿ ತಣಿಸುತ್ತಾರೆ. ಕೊಳವೆ ಕಾಯುವುದಿಲ್ಲ, ಸದ್ದು ತಗ್ಗುತ್ತದೆ, ಮಸಿ ಮತ್ತು ವಾಸನೆಯೂ ಕಡಿಮೆಯಾಗುತ್ತವೆ. ಆದರೆ ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಎಚ್ಚರಿಸಬಹುದಾಗಿದ್ದ ವಾಸನೆ ಹೋಯಿತು, ವಿಷ ಉಳಿಯಿತು. ಹೊಗೆಯ ಬಾಯಿ ಯಾವ ಬದಿಗಿದೆ ಎಂದು ಹತ್ತುವಾಗಲೇ ನೋಡಿಕೊಂಡು, ಮಕ್ಕಳನ್ನು ಅದರಿಂದ ದೂರದ ಕೋಣೆಯಲ್ಲಿ ಮಲಗಿಸಿ. ಜನರೇಟರ್ ನಡೆಯುವಾಗ ಆ ಬದಿಯಲ್ಲಿ ಯಾರೂ ನೀರಿಗಿಳಿಯಬಾರದು. ಕೋಣೆಯ ಚಾವಣಿಯಲ್ಲಿರುವ ಹೊಗೆ ಅಲಾರಂ ಬೆಂಕಿಗೆ ಮಾತ್ರ. ಕಾರ್ಬನ್ ಮೊನಾಕ್ಸೈಡ್‌ಗೆ ಬೇರೆಯೇ ಅಲಾರಂ ಬೇಕು, ಅದರ ಒಳಗಿನ ಸೆನ್ಸರ್‌ಗೂ ಆಯುಷ್ಯವಿದೆ, ಹಿಂಬದಿಯಲ್ಲಿ ಬರೆದ ವರ್ಷ ದಾಟಿದ್ದರೆ ಅದು ಗೋಡೆಯ ಅಲಂಕಾರವಷ್ಟೇ. ಮಲ್ಪೆಯ ಕಡೆ ದಿನಗಟ್ಟಲೆ ಸಮುದ್ರದಲ್ಲಿರುವ ಆಳಸಮುದ್ರದ ಬೋಟುಗಳಲ್ಲಿ ಎಂಜಿನ್ ಮೇಲಿನ ಕ್ಯಾಬಿನ್‌ನಲ್ಲೇ ಮಲಗುವವರಿಗೆ ಇದು ಇನ್ನೂ ಹತ್ತಿರದ ಮಾತು.

"ಪೆಟ್ರೋಲ್ ಅಂದ್ರ ಅಂಜಿಕಿ ಖರೆ. ಡೀಸೆಲ್ಲಿಗಿ ಬೆಂಕಿ ಹತ್ತೂದಿಲ್ಲ."

ಮೊದಲ ಅರ್ಧ ಸತ್ಯ. ಪೆಟ್ರೋಲ್ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಲದಲ್ಲಾದರೆ ಗಾಳಿ ಅದನ್ನು ಒಯ್ಯುತ್ತದೆ. ದೋಣಿಯಲ್ಲಿ ಅದು ನೀರಿನಂತೆಯೇ ತಳಕ್ಕೆ ಇಳಿದು, ಹಲಗೆಯ ಕೆಳಗೆ, ಬ್ಯಾಟರಿಯ ಪಕ್ಕ ಕೂಡುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗ ಆವಿ ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಆ ಕಿಡಿ ಸ್ವಿಚ್ಚಿನದಾಗಬಹುದು, ಸ್ಟಾರ್ಟರ್ ಮೋಟಾರಿನದಾಗಬಹುದು, ನೆಲದ ಮೇಲೆ ಬಳಸಲು ಮಾಡಿದ ಜನರೇಟರಿನದೇ ಆಗಬಹುದು. ದೋಣಿಗೆಂದು ತಯಾರಾಗುವ ಯಂತ್ರಗಳಲ್ಲಿ ಈ ಭಾಗಗಳನ್ನು ಕಿಡಿ ಹೊರಬರದಂತೆ ಮುಚ್ಚಿರುತ್ತಾರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಬೆಲೆಯ ವ್ಯತ್ಯಾಸ ಬಹುಮಟ್ಟಿಗೆ ಇದಕ್ಕೇ.

ಡೀಸೆಲ್ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯವೂ ಹೌದು, ಕಾರ್ಬನ್ ಮೊನಾಕ್ಸೈಡ್ ಸಹ ಅದರಲ್ಲಿ ಬಹಳ ಕಡಿಮೆ. ಆದರೆ ಬೆಂಕಿ ಹತ್ತುವುದಿಲ್ಲ ಎಂಬುದು ಸುಳ್ಳು. ಡೀಸೆಲ್ ಆವಿ ಹೊತ್ತಿಕೊಳ್ಳುವ ಉಷ್ಣತೆಗೆ ನಮ್ಮ ಭಾರತೀಯ ಮಾನಕದಲ್ಲಿ ಇರುವ ಕನಿಷ್ಠ ಮಿತಿ 35 ಡಿಗ್ರಿ. ಏಪ್ರಿಲ್‌ನಲ್ಲಿ ಗಡಹಿಂಗ್ಲಜದ ಬಿಸಿಲೇ ಅದನ್ನು ದಾಟುತ್ತದೆ. ಹಡಗುಗಳಿಗೆ ಕೊಡುವ ಡೀಸೆಲ್‌ಗೆ ಅದೇ ಮಾನಕ 66 ಡಿಗ್ರಿ ಕೇಳುತ್ತದೆ, ಪಂಪಿನಲ್ಲಿ ನಾವು ತುಂಬಿಸಿಕೊಳ್ಳುವುದು ಆ ಎಣ್ಣೆಯಲ್ಲ. ಇನ್ನೊಂದು ಅಚ್ಚರಿ: ಕಿಡಿಯೇ ಇಲ್ಲದೆ, ಬರಿಯ ಕಾವಿಗೆ ತಾನಾಗಿ ಹೊತ್ತಿಕೊಳ್ಳುವ ವಿಷಯದಲ್ಲಿ ಡೀಸೆಲ್ ಪೆಟ್ರೋಲ್‌ಗಿಂತ ಮುಂದು. ಭಾರ ಹೊತ್ತ ಎಂಜಿನ್ನಿನ ಸೈಲೆನ್ಸರ್ ಕೊಳವೆ 400 ಡಿಗ್ರಿ ದಾಟುತ್ತದೆ, ಡೀಸೆಲ್‌ಗೆ 250ರ ಆಸುಪಾಸು ಸಾಕು. ಬಿರುಕುಬಿಟ್ಟ ಎಣ್ಣೆ ಕೊಳವೆಯಿಂದ ಮಂಜಿನಂತೆ ಚಿಮ್ಮಿದ ಡೀಸೆಲ್ ಆ ಕೊಳವೆಗೆ ತಗಲುವುದೇ ಎಂಜಿನ್ ಕೋಣೆಯ ಬೆಂಕಿಗಳ ದೊಡ್ಡ ಕಾರಣಗಳಲ್ಲೊಂದು. ಯಾವ ಎಣ್ಣೆಯೇ ಇರಲಿ, ಯಂತ್ರ ನಡೆಯುತ್ತಿರುವಾಗ ತುಂಬಿಸಕೂಡದು. ಒಯ್ಯಬಹುದಾದ ಜನರೇಟರನ್ನು ದಡಕ್ಕೆ ಇಳಿಸಿ, ಆರಲು ಬಿಟ್ಟು, ಅಲ್ಲೇ ತುಂಬಿಸಬೇಕು.

"ಸಣ್ಣದ್ಯಾಕ? ದೊಡ್ಡದ ತಗೋರಿ, ಮುಂದ ಉಪಯೋಗಕ್ಕ ಬರತೈತಿ."

ಅಂಗಡಿಯವರು ಪ್ರೀತಿಯಿಂದ ಕೊಡುವ ಈ ಸಲಹೆ ದೋಣಿಗೆ ಹೊಂದುವುದಿಲ್ಲ. 2 ಕೆವಿಎಯ ಇನ್ವರ್ಟರ್ ಜನರೇಟರ್ ಸುಮಾರು 20 ಕಿಲೋ. 5 ಕೆವಿಎಯ ಮುಚ್ಚಿದ ಡೀಸೆಲ್ ಯಂತ್ರ ನೂರೈವತ್ತು ಕಿಲೋಕ್ಕೂ ಮೇಲೆ ಹೋಗುತ್ತದೆ, ಅಂದರೆ ಇಬ್ಬರು ದೊಡ್ಡವರು. ಅದನ್ನು ಹಲಗೆಯ ಮೇಲೆ ಎತ್ತರದಲ್ಲಿಟ್ಟರೆ ದೋಣಿ ಓಲುವುದೂ ಹೆಚ್ಚು. 2019ರ ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಯಿಂದ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ಸತ್ತರು. ಆ ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. ಕೃಷ್ಣೆಯ ದಂಡೆಯವರು ಆ ದಿನವನ್ನು ಮರೆತಿಲ್ಲ. ರಕ್ಷಣೆಯ ದೋಣಿಯಲ್ಲಿ ಪ್ರತಿ ಕಿಲೋ ಭಾರವೂ ಒಬ್ಬ ಮನುಷ್ಯನ ಜಾಗದ ಲೆಕ್ಕ.

ಭಾರ ಬಿಟ್ಟರೂ, ದೊಡ್ಡ ಡೀಸೆಲ್ ಯಂತ್ರವನ್ನು ಮೂರರಲ್ಲೊಂದು ಭಾಗಕ್ಕಿಂತ ಕಡಿಮೆ ಲೋಡಿನಲ್ಲಿ ದಿನಗಟ್ಟಲೆ ನಡೆಸಿದರೆ ಎಣ್ಣೆ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಜಿಡ್ಡಾಗಿ ಕೂಡುತ್ತದೆ. ಸಣ್ಣದನ್ನು ಕೊಂಡು ಮೋಟಾರ್ ಪಂಪ್ ಹಚ್ಚಿದರೆ ಶುರುವಿನ ಎಳೆತಕ್ಕೆ ಅದು ನಿಂತುಬಿಡುತ್ತದೆ, ಮೋಟಾರು ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ಏನೇನು ಹಚ್ಚುತ್ತೇವೆ ಎಂದು ವ್ಯಾಟ್‌ನಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಬೇಕು. ಕೆವಿಎ ಎಂದರೆ ಕಿಲೋವ್ಯಾಟ್ ಅಲ್ಲ. ಸಾಮಾನ್ಯವಾಗಿ 5 ಕೆವಿಎ ಯಂತ್ರದಿಂದ 4 ಕಿಲೋವ್ಯಾಟ್ ಸಿಗುತ್ತದೆ.

"ಅರ್ಥಿಂಗ್ ವಾಯರ್ ನೀರಿಗಿ ಬಿಟ್ರ ಆತು."

ಇದನ್ನು ಕೇಳಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಸಮುದ್ರದ ಉಪ್ಪುನೀರಿಗಿಂತ ಹೊಳೆಯ ಸಿಹಿನೀರು ಕರೆಂಟಿನ ವಿಷಯದಲ್ಲಿ ಕಡಿಮೆ ಅಪಾಯ ಎಂದು ಬಹಳ ಜನ ತಿಳಿದಿದ್ದಾರೆ. ನೀರಿನಲ್ಲಿರುವ ಮನುಷ್ಯನಿಗೆ ಇದು ತಿರುವುಮುರುವು. ಉಪ್ಪುನೀರು ನಮ್ಮ ಮೈಗಿಂತ ಚೆನ್ನಾಗಿ ಕರೆಂಟ್ ಒಯ್ಯುವುದರಿಂದ ಅದು ಬಹುಮಟ್ಟಿಗೆ ಮೈಯ ಸುತ್ತಲಿಂದ ಹರಿಯುತ್ತದೆ. ತಾಮ್ರಪರ್ಣಿಯ ನೀರಿಗಿಂತ ನಮ್ಮ ಮೈಯೊಳಗಿನ ಉಪ್ಪಿನಂಶ ಹೆಚ್ಚು, ಹಾಗಾಗಿ ಅಲ್ಲಿ ಸೋರಿದ ಕರೆಂಟಿಗೆ ಮನುಷ್ಯನೇ ಸುಲಭದ ದಾರಿ. 10ರಿಂದ 20 ಮಿಲಿಆಂಪಿಯರ್ ಸಾಕು, ಸ್ನಾಯುಗಳು ಬಿಗಿದು ಕೈಕಾಲು ಆಡುವುದಿಲ್ಲ. ಈಜು ಬಲ್ಲವರೂ ಕೂಗದೆ ಮುಳುಗುತ್ತಾರೆ. ಅಂಥ ಕರೆಂಟನ್ನು ಬೇಕೆಂದೇ ವಾಯರ್ ಬಿಟ್ಟು ಹೊಳೆಗೆ ಸೇರಿಸುವುದು ಅರ್ಥಿಂಗ್ ಅಲ್ಲ.

ಆರ್‌ಸಿಸಿಬಿ ಹಾಕಿಸಿದ್ದೇವೆ, ಬಟನ್ ಒತ್ತಿದರೆ ಬೀಳುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ನೋಡಬೇಕು. ಮನೆಯಲ್ಲಿ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರ್ ಬಳಿ ಭೂಮಿಗೆ ಸೇರಿರುತ್ತದೆ. ಸೋರಿದ ಕರೆಂಟಿಗೆ ಮರಳುವ ದಾರಿ ಅದೇ, ಆ ವ್ಯತ್ಯಾಸ ನೋಡಿಯೇ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಲೈನ್ ಕಡಿಯುತ್ತದೆ. ಒಯ್ಯಬಹುದಾದ ಎಷ್ಟೋ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಯಾವುದಕ್ಕೂ ಸೇರಿರುವುದಿಲ್ಲ. ಮೊದಲ ದೋಷ ಆದಾಗ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ, ಒದ್ದೆ ದೋಣಿಯಲ್ಲಿ ಎರಡನೆಯ ದೋಷ ಬರಲು ತಡವೂ ಆಗುವುದಿಲ್ಲ. ಬಟನ್ ಮಾತ್ರ ತನ್ನೊಳಗಿನ ಸರ್ಕೀಟಿನಿಂದ ನಡೆಯುವುದರಿಂದ ಆಗಲೂ ಬಿದ್ದು ತೋರಿಸುತ್ತದೆ. ದೋಣಿಯಲ್ಲಿ ನ್ಯೂಟ್ರಲ್ಲನ್ನೂ ಯಂತ್ರದ ಚೌಕಟ್ಟನ್ನೂ ಜನರೇಟರ್ ಬಳಿ, ಅದೊಂದೇ ಕಡೆ, ಜೋಡಿಸಿರಬೇಕು. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ನರಿಂದಲೇ ಮಾಡಿಸಿ, ಆರ್‌ಸಿಸಿಬಿಯನ್ನು ಬಟನ್ನಿನಿಂದಲ್ಲದೆ ಟೆಸ್ಟರ್ ಉಪಕರಣದಿಂದ ನೋಡಿಸಬೇಕು.

ದಡಕ್ಕೆ ಬಂದ ಮೇಲೆ ಅದೇ ಯಂತ್ರವನ್ನು ಎರಡೂ ತುದಿಗೆ ಪ್ಲಗ್ ಇರುವ ವಾಯರಿನಿಂದ ಮನೆಯ ಸಾಕೆಟ್ಟಿಗೆ ಚುಚ್ಚುವ ಪದ್ಧತಿಯೂ ಇದೆ. ನಮ್ಮ 230 ವೋಲ್ಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರ್ ಹೊಕ್ಕು 11,000 ವೋಲ್ಟ್ ಆಗಿ, ಲೈನ್ ಬಂದಾಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನನ್ನು ಕೊಲ್ಲುತ್ತದೆ.

ಯಂತ್ರದ ಮೇಲಿನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ (ಸಿಪಿಸಿಬಿ) ಮುದ್ರೆ ನೋಡಿ ದೋಣಿಗೂ ಸೈ ಎನ್ನುವವರಿಗೆ ಒಂದು ಮಾತು. 2023ರ ಜುಲೈ 1ರಿಂದ ಜಾರಿಗೆ ಬಂದ ಸಿಪಿಸಿಬಿ ನಾಲ್ಕು ಪ್ಲಸ್ ನಿಯಮ ಹೊಗೆಯ ಮಾಲಿನ್ಯವನ್ನು ಅಳೆಯುತ್ತದೆ. ಕಿಡಿ, ತೇವ, ಓಲಾಟ, ನೀರಿನಲ್ಲಿ ಸೋರುವ ಕರೆಂಟು ಇವು ಯಾವುವೂ ಅದರ ಪರೀಕ್ಷೆಯಲ್ಲಿಲ್ಲ. ಎಂಜಿನ್ ಇರುವ ಒಳನಾಡಿನ ದೋಣಿಗಳ ತಪಾಸಣೆ ಮತ್ತು ನೋಂದಣಿಗೆ ಬೇರೆ ಕಾನೂನೇ ಇದೆ, 2021ರ ಒಳನಾಡು ಹಡಗುಗಳ ಕಾಯ್ದೆ. ಹಾಗೆಯೇ "ಸೈಲೆಂಟ್" ಎಂದು ಬರೆದ ಪೆಟ್ಟಿಗೆ ಸದ್ದನ್ನು ತಗ್ಗಿಸುತ್ತದೆ, ವಿಷವನ್ನಲ್ಲ.

"ಜನರೇಟರ್ ಇಲ್ಲದ ದೋಣ್ಯಾಗ ಲೈಟ್ ಹೆಂಗ?"

ಲೆಕ್ಕ ಹಾಕಿ ನೋಡೋಣ. 50 ವ್ಯಾಟ್‌ನ ಎರಡು ಎಲ್‌ಇಡಿ ಸರ್ಚ್‌ಲೈಟ್, ನಾಲ್ಕೈದು ಫೋನು, ವಾಕಿಟಾಕಿ ಎಲ್ಲ ಸೇರಿದರೂ 200 ವ್ಯಾಟ್ ದಾಟುವುದಿಲ್ಲ. ನಾಲ್ಕು ತಾಸಿಗೆ 800 ವ್ಯಾಟ್-ಅವರ್. 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ, ತೂಕ ಹನ್ನೆರಡು ಕಿಲೋ ಆಸುಪಾಸು. ಹೊಗೆಯಿಲ್ಲ, ಆವಿಯಿಲ್ಲ, 12 ವೋಲ್ಟ್ ಆದ್ದರಿಂದ ಶಾಕಿನ ಭಯವೂ ಇಲ್ಲವೆನ್ನುವಷ್ಟು ಕಡಿಮೆ. ಎಂಜಿನ್ ಸದ್ದಿಲ್ಲದ್ದರಿಂದ ಕತ್ತಲಲ್ಲಿ ಕೂಗುವವರ ದನಿ ಕೇಳುತ್ತದೆ, ರಕ್ಷಣೆಗೆ ಹೋದವರಿಗೆ ಇದು ಸಣ್ಣ ಲಾಭವಲ್ಲ. ಟರ್ಮಿನಲ್‌ಗೆ ಹತ್ತಿರದಲ್ಲೇ ಫ್ಯೂಸ್ ಇರಬೇಕು, ಪೆಟ್ಟಿಗೆಗೆ ನೀರು ಹೋಗಬಾರದು. ಹಳೆಯ ಸೀಸ-ಆಸಿಡ್ ಬ್ಯಾಟರಿಯೇ ಇದ್ದರೆ ಅರ್ಧ ಶಕ್ತಿಯನ್ನಷ್ಟೇ ನೆಚ್ಚಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಗಾಳಿಯಾಡುವಲ್ಲಿ ಇಡಬೇಕು.

ಊರಿನ ದೋಣಿಗೆ ಜನರೇಟರ್ ಕೊಳ್ಳಲು ಕೂಡಿಸಿದ ಹಣವಿದ್ದರೆ, ನನ್ನ ಕೇಳಿದರೆ, ಇಂಥ ಎರಡು ಬ್ಯಾಟರಿ ಕೊಂಡು ಜನರೇಟರನ್ನು ದೋಣಿ ಹತ್ತಿಸದೆ ಬಿಡಿ. ಅದು ನೀರು ಮುಟ್ಟದ ದಿಬ್ಬದಲ್ಲಿ, ಜನ ಉಳಿದುಕೊಂಡ ಶಾಲೆಯಿಂದ 20 ಅಡಿಗೂ ಆಚೆ, ಹೊಗೆಯ ಬಾಯಿ ಕಿಟಕಿಗಳಿಗೆ ಬೆನ್ನು ಹಾಕಿದಂತೆ ನಿಲ್ಲಲಿ. 20 ಆಂಪಿಯರ್‌ನ ಚಾರ್ಜರ್ ಹಚ್ಚಿದರೆ ಬರಿದಾದ ಬ್ಯಾಟರಿ ಐದು ತಾಸಿನಲ್ಲಿ ತುಂಬುತ್ತದೆ, ಅಷ್ಟು ಹೊತ್ತು ದೋಣಿ ಎರಡನೆಯದರ ಮೇಲೆ ಓಡಾಡಬಹುದು.